ಬಲಗೈಗೆ ಏರದ ಬಳೆ: ಸ್ತನ ಕ್ಯಾನ್ಸರ್ ಚಿಕಿತ್ಸೆಯ ನಂತರದ ಕೈಬಾವು, ಒಂದು ಪ್ರಕರಣ

ದೀಪಾವಳಿಗೆ ಎರಡು ದಿನ ಮುಂಚೆ ಬಳೆ ಅಂಗಡಿಯಲ್ಲಿ ‘ಎರಡು ನಾಲ್ಕು’ ಅಳತೆಯ ಗಾಜಿನ ಬಳೆ ಎಡಗೈಗೆ ಸಲೀಸಾಗಿ ಏರಿತು. ಬಲಗೈಗೆ ಏರಲಿಲ್ಲ. ಸೋಪು ಹಚ್ಚಿದರೂ ಗೆಣ್ಣು ದಾಟಲಿಲ್ಲ. ಕೊನೆಗೆ ಅಂಗಡಿಯಾಕೆ ಆ ಕೈಗೆ ‘ಎರಡು ಆರು’ ತೊಡಿಸಿ ಕಳಿಸಿದರು. ಈ ಎರಡು ಅಳತೆಗಳ ಒಳಸುತ್ತಿನಲ್ಲಿ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ವ್ಯತ್ಯಾಸ. ಮುಂದೆ ಹದಿನೆಂಟು ತಿಂಗಳು ನಡೆದದ್ದಕ್ಕೆಲ್ಲ ಮೊದಲ ಸೂಚನೆ ಅದೇ ಆಗಿತ್ತು. ಆ ಹೊತ್ತಿಗೆ ಅದನ್ನು ಸೂಚನೆ ಎಂದು ಯಾರೂ ಓದಲಿಲ್ಲ.

ಗುರುತು ಸಿಗದಂತೆ ಹೆಸರು, ಊರು, ಎಸ್ಟೇಟಿನ ವಿವರಗಳನ್ನು ಬದಲಿಸಿದ್ದೇವೆ. ರೋಗಿಯನ್ನು ಇಲ್ಲಿ ಸರೋಜಮ್ಮ ಎಂದೂ, ಅವರಿಗೆ ಜೊತೆಯಾದವರನ್ನು ಜಯಕ್ಕ ಎಂದೂ ಕರೆದಿದ್ದೇವೆ.

ಹಿನ್ನೆಲೆ

ಸರೋಜಮ್ಮನಿಗೆ 47 ವರ್ಷ. ಮೂಡಿಗೆರೆ ಕಡೆಯ ಒಂದು ಕಾಫಿ ಎಸ್ಟೇಟಿನ ಲೈನ್ ಮನೆಯಲ್ಲಿ ವಾಸ. ಗಂಡನೂ ಅದೇ ತೋಟದಲ್ಲಿ ಕೆಲಸ ಮಾಡುತ್ತಾರೆ, ಮಗಳು ಕಾಲೇಜಿಗೆ ಹೋಗುತ್ತಾಳೆ. ಬಲ ಸ್ತನದಲ್ಲಿ ಸುಮಾರು ಮೂರು ಸೆಂ.ಮೀ. ಗಂಟು ಪತ್ತೆಯಾಗಿ, ಬೆಂಗಳೂರಿನಲ್ಲಿ ಸ್ತನವನ್ನು ಪೂರ್ತಿ ತೆಗೆದಿದ್ದರು. ಜೊತೆಗೆ ಕಂಕುಳಿನ 17 ದುಗ್ಧಗ್ರಂಥಿಗಳನ್ನೂ ತೆಗೆದಿದ್ದರು. ಅದರಲ್ಲಿ ಮೂರಕ್ಕೆ ರೋಗ ತಗುಲಿತ್ತು. ಆಮೇಲೆ ಮೂರು ವಾರಕ್ಕೊಂದರಂತೆ ಎಂಟು ಕೀಮೋ, ಎದೆಗೂ ಕುತ್ತಿಗೆಯ ಬುಡಕ್ಕೂ ಸೇರಿಸಿ 15 ದಿನದ ರೇಡಿಯೇಷನ್, ನಂತರ ದಿನಕ್ಕೊಂದು 20 ಮಿ.ಗ್ರಾಂ. ಟ್ಯಾಮಾಕ್ಸಿಫೆನ್ ಮಾತ್ರೆ. ಬಿಪಿಎಲ್ ಕಾರ್ಡ್ ಇದ್ದುದರಿಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ದೊಡ್ಡ ಖರ್ಚು ನೀಗಿತು. ಚಿಕಿತ್ಸೆಯ ಅವಧಿಯಲ್ಲಿ ತೂಕ 62 ಕಿಲೋದಿಂದ 70ಕ್ಕೆ ಏರಿತ್ತು. ಕೀಮೋದ ಕೊನೆಯ ನಾಲ್ಕು ಸುತ್ತುಗಳಲ್ಲಿ ಕೊಟ್ಟ ಪ್ಯಾಕ್ಲಿಟ್ಯಾಕ್ಸೆಲ್‌ನಿಂದ ಬೆರಳ ತುದಿಗಳು ಜೋಮು ಹಿಡಿದಂತೆಯೇ ಉಳಿದವು. ಈ ಜೋಮಿನ ಮಾತು ಮುಂದೆ ಮತ್ತೆ ಬರುತ್ತದೆ.

ಇದರಲ್ಲಿ ಯಾವುದೂ ಅಪರೂಪವಲ್ಲ. ಕಂಕುಳಿನ ಗ್ರಂಥಿಗಳನ್ನು ಸಾರಾಸಗಟಾಗಿ ತೆಗೆದ ಹೆಂಗಸರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಕೈಯ ರಸ ಹೊರಹೋಗುವ ದಾರಿ ಕಟ್ಟಿಕೊಂಡು ಕೈಬಾವು, ಅಂದರೆ ಲಿಂಫೆಡೀಮಾ, ಬರುತ್ತದೆ. ರೋಗ ಮೊದಲು ತಲುಪುವ ಒಂದೆರಡು ಕಾವಲು ಗ್ರಂಥಿಗಳನ್ನು ಮಾತ್ರ ತೆಗೆದವರಲ್ಲಿ ಅದು ಎಷ್ಟೋ ಕಡಿಮೆ. ರೇಡಿಯೇಷನ್, ಹೆಚ್ಚಿದ ತೂಕ, ಕೈಗೆ ಆಗುವ ಸೋಂಕು, ಇವು ಒಂದೊಂದೂ ಅಪಾಯ ಹೆಚ್ಚಿಸುತ್ತವೆ. ಸರೋಜಮ್ಮನಿಗೆ ಮೊದಲ ಎರಡು ಇದ್ದವು, ಮೂರನೆಯದೂ ಬಂದು ಸೇರಿಕೊಂಡಿತು. ಬಾವು ಆಪರೇಷನ್ ಆದ ಕೂಡಲೇ ಬರಬೇಕೆಂದೇನಿಲ್ಲ. ಇವರಿಗೆ ಬಂದದ್ದು ಹದಿನಾರನೇ ತಿಂಗಳಲ್ಲಿ, ಅರೇಬಿಕಾ ಕುಯ್ಲು ಶುರುವಾಗುವ ಹೊತ್ತಿಗೆ.

ಕಳೆದುಹೋದ ನಾಲ್ಕು ತಿಂಗಳು

ನವೆಂಬರಿನಿಂದ ಮಾರ್ಚಿಯವರೆಗೆ ಆದದ್ದನ್ನು ಒಂದೊಂದಾಗಿ ಹೇಳುವುದು ಅಗತ್ಯ, ಏಕೆಂದರೆ ಇದೇ ತಪ್ಪುಗಳು ಇದೇ ಕ್ರಮದಲ್ಲಿ ಬೇರೆ ಮನೆಗಳಲ್ಲೂ ಆಗುತ್ತವೆ.

ಮೊದಲು ಬಂದದ್ದು ಭಯ. ‘ಕಾಯಿಲೆ ಮರಳಿತು’ ಎಂದುಕೊಂಡು ಸರೋಜಮ್ಮ ಯಾರಿಗೂ ಹೇಳಲಿಲ್ಲ, ಗಂಡನಿಗೂ. ಬಾವಿಗೆ ಮಾತ್ರೆಯೇ ಕಾರಣವಿರಬೇಕು ಎಂದು ಡಿಸೆಂಬರಿನಿಂದ ಟ್ಯಾಮಾಕ್ಸಿಫೆನ್ ನಿಲ್ಲಿಸಿಬಿಟ್ಟರು. ರಾತ್ರಿ ಮೈಯೆಲ್ಲ ಕಾದು ಬೆವರು ಕಿತ್ತು ಬರುತ್ತಿದ್ದುದೂ ಆ ಮಾತ್ರೆಯಿಂದಲೇ ಆದ್ದರಿಂದ ಬಿಡುವುದಕ್ಕೆ ಎರಡು ನೆಪ ಸಿಕ್ಕವು. ಇಡೀ ಪ್ರಕರಣದಲ್ಲಿ ಅತ್ಯಂತ ಅಪಾಯದ ತೀರ್ಮಾನ ಇದೇ. ಕೈಬಾವು ಜೀವ ತೆಗೆಯುವುದಿಲ್ಲ. ರೋಗ ಮರುಕಳಿಸದಂತೆ ಐದರಿಂದ ಹತ್ತು ವರ್ಷ ತೆಗೆದುಕೊಳ್ಳಬೇಕಾದ ಮಾತ್ರೆಯನ್ನು ನಡುವೆ ಬಿಟ್ಟರೆ ಜೀವಕ್ಕೇ ಕುತ್ತು ಬರಬಹುದು.

ಎರಡನೆಯದಾಗಿ, ಹತ್ತಿರದ ಕ್ಲಿನಿಕ್ಕಿನಲ್ಲಿ ನೀರು ಹೋಗುವ ಮಾತ್ರೆ ಕೊಟ್ಟರು. ಕೈಬಾವಿನಲ್ಲಿ ನಿಂತಿರುವುದು ಬರೀ ನೀರಲ್ಲ, ಪ್ರೋಟೀನು ಬೆರೆತ ರಸ. ನೀರಿನ ಮಾತ್ರೆ ನೀರನ್ನು ಹೊರಹಾಕಿದರೂ ಪ್ರೋಟೀನು ಅಲ್ಲೇ ಉಳಿಯುತ್ತದೆ, ಅದು ಮತ್ತೆ ನೀರನ್ನು ಎಳೆದುಕೊಳ್ಳುತ್ತದೆ. ಹತ್ತು ದಿನದಲ್ಲಿ ಸರೋಜಮ್ಮನಿಗೆ ಸುಸ್ತು ಬಂತು, ಕೈ ಇದ್ದ ಹಾಗೇ ಇತ್ತು.

ಮೂರನೆಯದು, ಮೆಡಿಕಲ್ ಅಂಗಡಿಯಿಂದ ತಂದ ಕ್ರೇಪ್ ಬ್ಯಾಂಡೇಜು. ಅದನ್ನು ಮೊಣಕೈಯಿಂದ ಮೇಲಕ್ಕೆ ಬಿಗಿಯಾಗಿ ಕಟ್ಟಿದರು. ಮೇಲೆ ಅಡ್ಡಗಟ್ಟೆ ಹಾಕಿದಂತಾಗಿ ಅಂಗೈ ಹಿಂಭಾಗ ಉಬ್ಬಿತು. ನಾಲ್ಕನೆಯದು, ಬಿಸಿ ಎಣ್ಣೆ ಹಚ್ಚಿ ಗಟ್ಟಿಯಾಗಿ ತಿಕ್ಕಿ ಬಿಸಿನೀರಿನ ಚೀಲದ ಶಾಖ ಕೊಟ್ಟದ್ದು. ಶಾಖ ಕೊಟ್ಟಷ್ಟೂ ಆ ಭಾಗಕ್ಕೆ ರಕ್ತ ಹೆಚ್ಚು ಹರಿಯುತ್ತದೆ, ಅದರೊಂದಿಗೆ ಒಸರುವ ರಸವೂ ಹೆಚ್ಚುತ್ತದೆ. ಹೊರಹೋಗುವ ದಾರಿ ಮಾತ್ರ ಅಷ್ಟೇ ಇರುತ್ತದೆ.

ಜನವರಿಯ ಕೊನೆಯಲ್ಲಿ ಹಾಲುವಾಣದ ಮುಳ್ಳು ತರಚಿದ ಜಾಗದಿಂದ ಕೈ ಕೆಂಪೇರಿ ಚಳಿಜ್ವರ ಬಂತು. ಕೆಂಪು ಪಟ್ಟಿಯಾಗಿ ಹಬ್ಬಿದ್ದರಿಂದ ಮನೆಯವರು ಸರ್ಪಸುತ್ತು ಎಂದುಕೊಂಡು ಕೆಮ್ಮಣ್ಣು ಹಚ್ಚಿಸಿದರು. ನಾಲ್ಕನೇ ದಿನ ಜಿಲ್ಲಾ ಆಸ್ಪತ್ರೆಗೆ ಸೇರಿಸುವಾಗ ಕೆಂಪು ಭುಜ ಮುಟ್ಟಿತ್ತು. ಅದು ಸೆಲ್ಯುಲೈಟಿಸ್, ಚರ್ಮದಡಿಯ ಸೋಂಕು. ಆರು ದಿನ ನರದ ಮೂಲಕ ಆ್ಯಂಟಿಬಯಾಟಿಕ್ ಕೊಡಬೇಕಾಯಿತು. ಇಂಥ ಪ್ರತಿ ಸೋಂಕೂ ಉಳಿದ ಸಣ್ಣ ರಸನಾಳಗಳನ್ನು ಇನ್ನಷ್ಟು ಕೆಡಿಸುತ್ತದೆ. ಅದರಿಂದ ಬಾವು ಹೆಚ್ಚುತ್ತದೆ, ಬಾತ ಕೈಗೆ ಮತ್ತೆ ಸೋಂಕು ಸುಲಭವಾಗಿ ಹತ್ತುತ್ತದೆ. ಬಿಡುಗಡೆ ಮಾಡುವಾಗ ಅಲ್ಲಿನ ವೈದ್ಯರು ಹಾಸನದ ಫಿಸಿಯೋಥೆರಪಿ ವಿಭಾಗಕ್ಕೆ ಚೀಟಿ ಬರೆದುಕೊಟ್ಟರು. ದಿಕ್ಕು ಬದಲಿಸಿದ್ದು ಆ ಚೀಟಿ.

ಮೊದಲು ತಳ್ಳಿಹಾಕಬೇಕಾದವು, ಆಮೇಲೆ ಅಳತೆ

ಹಾಸನದಲ್ಲಿ ಕಟ್ಟು ಕಟ್ಟುವ ಮೊದಲು ಎರಡು ವಿಷಯ ಖಚಿತಪಡಿಸಿಕೊಂಡರು. ಕಂಕುಳಲ್ಲಿ, ಕೊರಳ ಮೂಳೆಯ ಮೇಲೆ ಹೊಸ ಗಂಟು ಇದೆಯೇ ಎಂದು ಕೈಯಿಂದಲೂ ಅಲ್ಟ್ರಾಸೌಂಡಿನಿಂದಲೂ ನೋಡಿದರು. ಕೈಯ ರಕ್ತನಾಳದಲ್ಲಿ ಹೆಪ್ಪುಗಟ್ಟಿದೆಯೇ ಎಂದು ಡಾಪ್ಲರ್ ಸ್ಕ್ಯಾನ್ ಮಾಡಿಸಿದರು, ಟ್ಯಾಮಾಕ್ಸಿಫೆನ್ ಆ ಅಪಾಯವನ್ನು ಸ್ವಲ್ಪ ಹೆಚ್ಚಿಸುವುದರಿಂದ. ಎರಡೂ ಇರಲಿಲ್ಲ. ಈ ಹೆಜ್ಜೆಯನ್ನು ಹಾರಿಸಿ ನೇರವಾಗಿ ಕಟ್ಟು ಕಟ್ಟಬಾರದು. ರೋಗ ಮರಳಿಲ್ಲ ಎಂದು ತಿಳಿದ ದಿನ ಸರೋಜಮ್ಮ ನಾಲ್ಕು ತಿಂಗಳಲ್ಲಿ ಮೊದಲ ಬಾರಿ ಹೊಟ್ಟೆತುಂಬ ಉಂಡರು ಎಂದು ಗಂಡ ಹೇಳಿದರು.

ಅಳತೆಗೆ ಬೇಕಾದದ್ದು ದರ್ಜಿಯ ಟೇಪು, ಬಾಲ್‌ಪೆನ್ನು, ನೋಟುಬುಕ್ಕು. ಆಸ್ಪತ್ರೆಯಲ್ಲಿ ಮಣಿಕಟ್ಟಿನಿಂದ ಪ್ರತಿ ನಾಲ್ಕು ಸೆಂ.ಮೀ.ಗೊಮ್ಮೆ ಅಳೆಯುತ್ತಾರೆ. ಮನೆಗೆ ನಾಲ್ಕು ಜಾಗ ಸಾಕು: ಅಂಗೈಯ ಗೆಣ್ಣುಗಳ ಸುತ್ತ, ಮಣಿಕಟ್ಟು, ಮೊಣಕೈ ಮೂಳೆಯಿಂದ ಹತ್ತು ಸೆಂ.ಮೀ. ಕೆಳಗೆ, ಹತ್ತು ಸೆಂ.ಮೀ. ಮೇಲೆ. ಟೇಪು ಚರ್ಮಕ್ಕೆ ತಾಕಿರಬೇಕು, ಒತ್ತಬಾರದು. ಯಾವಾಗಲೂ ಒಂದೇ ಹೊತ್ತಿನಲ್ಲಿ, ಒಂದೇ ಭಂಗಿಯಲ್ಲಿ, ಎರಡೂ ಕೈ ಅಳೆಯಬೇಕು. ಬಲಗೈ ಬಳಸುವವರಿಗೆ ಬಲಗೈ ಸಹಜವಾಗಿಯೇ ತುಸು ದಪ್ಪ ಇರುತ್ತದೆ. ಯಾವುದಾದರೂ ಒಂದು ಜಾಗದಲ್ಲಿ ಎರಡು ಸೆಂ.ಮೀ. ಅಥವಾ ಹೆಚ್ಚು ವ್ಯತ್ಯಾಸ ಬಂದರೆ ಅದು ಲೆಕ್ಕಕ್ಕೆ ಹಿಡಿಯಬೇಕಾದ ಬಾವು.

ಮೊದಲ ದಿನದ ಅಳತೆ ಹೀಗಿತ್ತು. ಎಡಗೈ: ಗೆಣ್ಣು 18.5, ಮಣಿಕಟ್ಟು 15.5, ಮುಂಗೈ 22, ತೋಳು 28. ಬಲಗೈ: 20, 17, 25.5, 31.5. ಗಾತ್ರಕ್ಕೆ ಲೆಕ್ಕ ಹಾಕಿದರೆ ಬಲಗೈಯಲ್ಲಿ ಸುಮಾರು 350 ಮಿ.ಲೀ. ಹೆಚ್ಚು, ಎಡಗೈಯ ಕಾಲುಭಾಗಕ್ಕಿಂತ ಜಾಸ್ತಿ. ಬೆರಳಿನಿಂದ ಹತ್ತು ಎಣಿಸುವಷ್ಟು ಹೊತ್ತು ಒತ್ತಿದರೆ ಗುಳಿ ಬೀಳುತ್ತಿತ್ತು. ಗುಳಿ ಬೀಳುವ ಬಾವು ಇನ್ನೂ ಮೃದುವಾಗಿರುತ್ತದೆ, ಇಳಿಸಲು ಬರುತ್ತದೆ. ವರ್ಷಗಟ್ಟಲೆ ಬಿಟ್ಟರೆ ಒಳಗೆ ನಾರು ಬೆಳೆದು ಗಟ್ಟಿಯಾಗುತ್ತದೆ, ಆಗ ಗುಳಿಯೂ ಬೀಳುವುದಿಲ್ಲ, ಇಳಿಯುವುದೂ ಕಷ್ಟ.

ಮೂರು ವಾರದ ಕಟ್ಟು

ಚಿಕಿತ್ಸೆಗೆ ನಾಲ್ಕು ಅಂಗ: ಚರ್ಮದ ಆರೈಕೆ, ರಸವನ್ನು ಸಾಗಿಸುವ ಮೃದು ನೇವರಿಕೆ, ಹಲವು ಪದರದ ಕಟ್ಟು, ಕಟ್ಟಿನೊಳಗೇ ವ್ಯಾಯಾಮ. ನೇವರಿಕೆಗೂ ಎಣ್ಣೆ ತಿಕ್ಕುವುದಕ್ಕೂ ಸಂಬಂಧವಿಲ್ಲ. ಚರ್ಮವನ್ನಷ್ಟೇ ಹಗುರಾಗಿ ಸರಿಸುತ್ತಾರೆ, ಮೊದಲು ಕುತ್ತಿಗೆ ಮತ್ತು ಎಡ ಕಂಕುಳಿನ ಕಡೆ ದಾರಿ ತೆರವು ಮಾಡಿ, ಆಮೇಲೆ ಬಾತ ಕೈಗೆ ಬರುತ್ತಾರೆ. ಅಡಿಕೆ ತೋಟದಲ್ಲಿ ಬಸಿಗಾಲುವೆ ಬಿಡಿಸುವಾಗ ಕೆಳಗಿನ ತುದಿಯಿಂದ ಹೂಳು ತೆಗೆಯುತ್ತಾ ಬರುವುದಿಲ್ಲವೇ, ಹಾಗೆಯೇ ಎಂದು ಥೆರಪಿಸ್ಟ್ ವಿವರಿಸಿದಾಗ ಸರೋಜಮ್ಮನ ಗಂಡನಿಗೆ ತಕ್ಷಣ ಅರ್ಥವಾಯಿತು.

ಕಟ್ಟಿನ ಬಗ್ಗೆ ವಿವರವಾಗಿ ಹೇಳಬೇಕು, ಎಡವುವುದು ಹೆಚ್ಚಾಗಿ ಇಲ್ಲೇ. ಮೊದಲು ಚರ್ಮಕ್ಕೆ ವಾಸನೆಯಿಲ್ಲದ ಮಾಯಿಶ್ಚರೈಸರ್. ಅದರ ಮೇಲೆ ಹತ್ತಿಯ ಕೊಳವೆ ಬಟ್ಟೆ. ಬೆರಳುಗಳಿಗೆ ನಾಲ್ಕು ಸೆಂ.ಮೀ. ಅಗಲದ ಗಾಜ್, ಉಗುರು ಕಾಣುವಂತೆ ಬಿಟ್ಟು ಒಂದೊಂದಕ್ಕೂ ಬೇರೆಬೇರೆ ಸುತ್ತು. ಆಮೇಲೆ ಹತ್ತಿಯಂಥ ಮೆತ್ತೆಯ ರೋಲು, ಮೊಣಕೈ ಮಡಿಕೆಯಲ್ಲೂ ಅಂಗೈ ಗುಳಿಯಲ್ಲೂ ಇನ್ನೊಂದು ಮಡಿಕೆ ಹೆಚ್ಚು. ಕೊನೆಗೆ ಶಾರ್ಟ್ ಸ್ಟ್ರೆಚ್ ಬ್ಯಾಂಡೇಜುಗಳು: ಅಂಗೈಗೆ ಆರು ಸೆಂ.ಮೀ. ಅಗಲದ್ದು, ಮುಂಗೈಗೆ ಎಂಟರದು, ತೋಳಿಗೆ ಹತ್ತರದು. ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧ ಮುಚ್ಚಬೇಕು. ಒತ್ತಡ ಬರಬೇಕಾದದ್ದು ಎಳೆದು ಬಿಗಿಯುವುದರಿಂದಲ್ಲ, ಪದರಗಳ ಸಂಖ್ಯೆಯಿಂದ. ಅಂಗೈ ಕಡೆ ಪದರ ಹೆಚ್ಚು, ಮೇಲಕ್ಕೆ ಹೋದಂತೆ ಕಡಿಮೆ. ಕಟ್ಟಿದ ಮೇಲೆ ಉಗುರು ಒತ್ತಿಬಿಟ್ಟರೆ ಎರಡು ಸೆಕೆಂಡಿನಲ್ಲಿ ಬಣ್ಣ ಮರಳಬೇಕು. ಬೆರಳು ನೀಲಿಯಾದರೆ, ಜುಮ್ಮೆಂದರೆ, ನೋವು ಬಂದರೆ ಬಿಚ್ಚಿ ಹೊಸದಾಗಿ ಕಟ್ಟಬೇಕು. ಬೆರಳಲ್ಲಿ ಮೊದಲೇ ಜೋಮು ಇರುವ ಸರೋಜಮ್ಮನಂಥವರು ಜುಮ್ಮೆನ್ನುವುದನ್ನು ನೆಚ್ಚುವಂತಿಲ್ಲ, ಗಂಟೆಗೊಮ್ಮೆ ಉಗುರಿನ ಬಣ್ಣವನ್ನೇ ನೋಡಿಕೊಳ್ಳಬೇಕು.

ಕ್ರೇಪ್ ಬ್ಯಾಂಡೇಜು ಯಾಕಾಗದು ಎಂಬ ಪ್ರಶ್ನೆ ಪ್ರತಿ ಮನೆಯಲ್ಲೂ ಬರುತ್ತದೆ, ಏಕೆಂದರೆ ಅದು ಅಗ್ಗ, ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಕ್ರೇಪ್ ಹೆಚ್ಚು ಹಿಗ್ಗುತ್ತದೆ. ಕೈ ಸುಮ್ಮನಿದ್ದಾಗಲೂ ಹಿಂಡುತ್ತಲೇ ಇರುತ್ತದೆ, ಸ್ನಾಯು ಉಬ್ಬಿದಾಗ ಮಾತ್ರ ಜೊತೆಗೆ ಹಿಗ್ಗಿ ಸಡಿಲ ಬಿಡುತ್ತದೆ. ಶಾರ್ಟ್ ಸ್ಟ್ರೆಚ್ ಇದಕ್ಕೆ ಉಲ್ಟಾ. ಸುಮ್ಮನಿದ್ದಾಗ ಹಗುರ, ಮುಷ್ಟಿ ಬಿಗಿದಾಗ ಗೋಡೆಯಂತೆ ಗಟ್ಟಿ. ಸ್ನಾಯು ಆ ಗೋಡೆಗೆ ಒತ್ತಿ ಒತ್ತಿ ರಸವನ್ನು ಮೇಲಕ್ಕೆ ತಳ್ಳುತ್ತದೆ. ಹಾಗಾಗಿ ಕಟ್ಟಿದ ಕೈಯನ್ನು ಜೋಳಿಗೆಗೆ ಹಾಕಿ ಕೂರಬಾರದು. ಮುಷ್ಟಿ ಬಿಗಿದು ಬಿಡುವುದು, ಮೊಣಕೈ ಮಡಿಸುವುದು, ಭುಜ ತಿರುಗಿಸುವುದು, ಒಂದೊಂದೂ ಹದಿನೈದು ಸಲ, ದಿನಕ್ಕೆ ಮೂರು ಹೊತ್ತು, ನಡುನಡುವೆ ಹೊಟ್ಟೆಯಿಂದ ದೀರ್ಘ ಉಸಿರು.

ದಿನಾ ಹಾಸನಕ್ಕೆ ಬಂದುಹೋಗಲು ಎರಡು ಬಸ್ಸು, ಅರ್ಧ ದಿನ, ಗಂಡನ ಕೂಲಿಯೂ ಖೋತಾ. ಮೊದಲ ವಾರ ಹಾಸನದ ನೆಂಟರ ಮನೆಯಲ್ಲಿ ಉಳಿದರು. ಆ ವಾರದಲ್ಲೇ ಗಂಡನಿಗೆ ಕಟ್ಟುವುದನ್ನು ಕಲಿಸಿದರು. ಎರಡನೇ ವಾರದಿಂದ ವಾರಕ್ಕೆ ಮೂರು ದಿನ ಮಾತ್ರ ಬಂದರು, ಉಳಿದ ದಿನ ಮನೆಯಲ್ಲೇ ಕಟ್ಟು. ಈ ಏರ್ಪಾಡು ಮಾಡದಿದ್ದರೆ ಚಿಕಿತ್ಸೆ ಎರಡನೇ ವಾರಕ್ಕೇ ನಿಂತುಹೋಗುತ್ತಿತ್ತು ಎಂಬುದರಲ್ಲಿ ನಮಗೆ ಅನುಮಾನವಿಲ್ಲ. ಮೂರು ವಾರದ ಕೊನೆಗೆ ಬಲಗೈ ಅಳತೆ: 19, 16, 23.5, 29.5.

ಜಯಕ್ಕ

ಮೊದಲ ವಾರದಲ್ಲೇ ಥೆರಪಿಸ್ಟ್ ಇನ್ನೊಬ್ಬರನ್ನು ಪರಿಚಯಿಸಿದರು. ಜಯಕ್ಕನಿಗೆ 58, ಬೇಲೂರು ಕಡೆಯವರು, ಹೊಲಿಗೆ ಕೆಲಸ. ಎಂಟು ವರ್ಷದಿಂದ ಎಡಗೈ ಬಾವನ್ನು ನಿಭಾಯಿಸುತ್ತಿದ್ದಾರೆ. ಅದೇ ಕಾಯಿಲೆ ದಾಟಿದವರು ಹೊಸಬರನ್ನು ಹೋಗಿ ಕಾಣುವ ಪದ್ಧತಿ ಹೊಸದೇನಲ್ಲ. ಅಮೆರಿಕದಲ್ಲಿ 1952ರಲ್ಲೇ ಟೆರೆಸ್ ಲಾಸರ್ ಎಂಬಾಕೆ ತನ್ನ ಆಪರೇಷನ್ನಿನ ನಂತರ ಅದನ್ನು ಶುರುಮಾಡಿದ್ದರು. ಇಲ್ಲಿ ಆದದ್ದು ಅಷ್ಟು ದೊಡ್ಡದಲ್ಲ. ಒಬ್ಬ ಹೆಂಗಸು, ಒಂದು ಫೋನು, ಸಂತೆಯ ದಿನ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ.

ಮೊದಲ ಭೇಟಿಯಲ್ಲಿ ಜಯಕ್ಕ ಸಮಾಧಾನದ ಮಾತೇನೂ ಆಡಲಿಲ್ಲ. ಸೆರಗು ಸರಿಸಿ ತನ್ನ ಕೈ ತೋರಿಸಿದರು. ‘ಮುಟ್ಟಿ ನೋಡು ಸರೋಜ’ ಎಂದರು. ಆಮೇಲೆ ಚೀಲದಲ್ಲಿರುವ ಮಾತ್ರೆಗಳನ್ನೆಲ್ಲ ಬೆಂಚಿನ ಮೇಲೆ ಇಡಲು ಹೇಳಿ ಒಂದೊಂದನ್ನೂ ಯಾವಾಗ ತಗೋತೀಯ ಎಂದು ಕೇಳಿದರು. ಟ್ಯಾಮಾಕ್ಸಿಫೆನ್ ಪಟ್ಟಿ ಮೂರು ತಿಂಗಳ ಹಿಂದಿನದು, ಆರು ಮಾತ್ರೆ ಖಾಲಿಯಾಗಿ ನಿಂತಿತ್ತು. ಸರೋಜಮ್ಮ ವೈದ್ಯರಿಗೂ ಥೆರಪಿಸ್ಟಿಗೂ ಹೇಳದ ಸಂಗತಿ ಆ ಬೆಂಚಿನ ಮೇಲೆ ಹೊರಬಿತ್ತು. ‘ಡಾಕ್ಟ್ರು ಬಯ್ತಾರೆ ಜಯಕ್ಕ, ಹೇಳಬೇಡಿ’ ಎಂದರಂತೆ. ಜಯಕ್ಕ ಮುಚ್ಚಿಡಲಿಲ್ಲ, ಹಾಗೆಂದು ತಾವೇ ಹೋಗಿ ದೂರೂ ಹೇಳಲಿಲ್ಲ. ಅವರನ್ನೇ ಕರೆದುಕೊಂಡು ವೈದ್ಯರ ಕೊಠಡಿಯ ತನಕ ಹೋಗಿ, ಒಳಗೆ ಪಕ್ಕದಲ್ಲಿ ಕೂತು, ಸರೋಜಮ್ಮನ ಬಾಯಿಂದಲೇ ಹೇಳಿಸಿದರು. ಮಾತ್ರೆ ಅಂದೇ ಮತ್ತೆ ಶುರುವಾಯಿತು. ರಾತ್ರಿಯ ಕಾವಿಗೆ ಬೇರೆ ಉಪಾಯ ಹೇಳಿದರು. ಮುಟ್ಟು ನಿಂತ ಮೇಲೆ ರಕ್ತಸ್ರಾವ ಕಂಡರೆ ತಡಮಾಡದೆ ಬರಬೇಕೆಂಬ ಎಚ್ಚರಿಕೆಯನ್ನೂ ಕೊಟ್ಟರು.

ಕೆಲಸದ ಗೆರೆಯನ್ನು ಥೆರಪಿಸ್ಟ್ ಮೊದಲೇ ಎಳೆದಿದ್ದರು. ಅಳತೆ ಬರೆಸುವುದು, ಕಟ್ಟು ಕಟ್ಟಲು ಕೈಜೋಡಿಸುವುದು, ಬಾವು ಏರದಂತೆ ಕೈಯನ್ನು ಒತ್ತಿಹಿಡಿಯುವ ಎಲಾಸ್ಟಿಕ್ ತೋಳುಚೀಲ, ಅಂದರೆ ಸ್ಲೀವ್, ಹಾಕಲು ಕಲಿಸುವುದು, ಆಸ್ಪತ್ರೆಗೆ ಜೊತೆಗೆ ಹೋಗುವುದು, ಇವು ಜಯಕ್ಕನ ಕೆಲಸ. ಮಾತ್ರೆಯ ಹೆಸರು ಸೂಚಿಸುವುದು, ಗಂಟು ಮುಟ್ಟಿ ‘ಏನಿಲ್ಲ’ ಎನ್ನುವುದು, ಕಟ್ಟಿನ ಕ್ರಮ ಬದಲಿಸುವುದು ಅವರ ಕೆಲಸವಲ್ಲ. ಜ್ವರ, ಹಬ್ಬುವ ಕೆಂಪು, ದಿಢೀರನೆ ಏರಿದ ಬಾವು, ಹೊಸ ಗಂಟು, ಬೆರಳಿನ ಬಣ್ಣ ಬದಲು, ಈ ಐದರಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆ. ಇದನ್ನು ಜಯಕ್ಕ ತಮ್ಮ ಹೊಲಿಗೆ ಮಿಷನ್ನಿನ ಮೇಲಿನ ಗೋಡೆಗೆ ಅಂಟಿಸಿಕೊಂಡಿದ್ದರು.

ಎರವಲು ಕೊಟ್ಟ ಸ್ಲೀವ್

ಆದರೂ ಒಂದು ತಪ್ಪಾಯಿತು, ಪ್ರೀತಿಯಿಂದಲೇ ಆಯಿತು. ಮೂರು ವಾರದ ಕಟ್ಟು ಮುಗಿದು, ಅಳತೆ ಕೊಟ್ಟು ಮಾಡಿಸಿದ ಸ್ಲೀವ್ ಬರಲು ಹನ್ನೆರಡು ದಿನವಿತ್ತು. ದಿನಾ ಕಟ್ಟು ಕಟ್ಟಿಸಿಕೊಂಡು ಸಾಕಾಗಿದ್ದ ಸರೋಜಮ್ಮನನ್ನು ನೋಡಲಾಗದೆ ಜಯಕ್ಕ ತಮ್ಮ ಹಳೆಯ ಸ್ಲೀವ್ ಒಂದನ್ನು ಒಗೆದು ಕೊಟ್ಟರು. ಜಯಕ್ಕನ ತೋಳು ಸಣ್ಣ. ಅವರ ಬಾವು ಅಂಗೈಗೆ ಬಂದಿರಲಿಲ್ಲವಾದ್ದರಿಂದ ಅದು ಮಣಿಕಟ್ಟಿಗೇ ಮುಗಿಯುವ ಸ್ಲೀವ್. ನಾಲ್ಕನೇ ದಿನಕ್ಕೆ ಸರೋಜಮ್ಮನ ಗೆಣ್ಣಿನ ಅಳತೆ 19ರಿಂದ 20.5ಕ್ಕೆ ಏರಿತು, ಚಿಕಿತ್ಸೆಗೆ ಮುಂಚಿನದಕ್ಕಿಂತ ಹೆಚ್ಚು. ಮೇಲ್ತುದಿ ಸುರುಳಿ ಸುತ್ತಿಕೊಂಡು ತೋಳಿಗೆ ಹಗ್ಗ ಬಿಗಿದಂತೆ ಗೆರೆ ಬಿದ್ದಿತ್ತು.

ಇದು ಬೇಗ ಗೊತ್ತಾದದ್ದು ನೋಟುಬುಕ್ಕಿನಿಂದ. ಭಾನುವಾರ ಸಂಜೆ ಫೋನಿನಲ್ಲಿ ನಾಲ್ಕು ಅಂಕಿ ಓದಿಸುವುದು ಜಯಕ್ಕನ ರೂಢಿ. ಗೆಣ್ಣಿನ ಅಂಕಿ ಕೇಳಿದ ಕೂಡಲೇ ಸ್ಲೀವ್ ತೆಗೆದು ಮತ್ತೆ ಕಟ್ಟು ಕಟ್ಟಲು ಹೇಳಿ, ಸೋಮವಾರ ಬೆಳಗ್ಗೆ ಥೆರಪಿಸ್ಟಿಗೆ ತಾವೇ ಫೋನು ಮಾಡಿ ನಡೆದದ್ದನ್ನು ತಿಳಿಸಿದರು. ಐದು ದಿನದ ಕಟ್ಟಿನಲ್ಲಿ ಅಳತೆ ಮರಳಿ 19ಕ್ಕೆ ಬಂತು. ‘ಹೇಗಿದೀಯ’ ಎಂದಷ್ಟೇ ಕೇಳಿದ್ದರೆ ‘ಪರವಾಗಿಲ್ಲ’ ಎಂಬ ಉತ್ತರ ಬರುತ್ತಿತ್ತು, ಸರೋಜಮ್ಮ ಎಲ್ಲರಿಗೂ ಕೊಡುತ್ತಿದ್ದ ಉತ್ತರ ಅದೇ. ಆಮೇಲಿನಿಂದ ಸ್ಲೀವ್ ಎರವಲು ಕೊಡುವುದಿಲ್ಲ, ತಗೊಳ್ಳುವುದಿಲ್ಲ ಎಂದು ಗೆರೆಗೆ ಇನ್ನೊಂದು ಸಾಲು ಸೇರಿತು. ಹೊಸ ಸ್ಲೀವ್ ಕೈಸೇರುವ ತನಕ ಕಟ್ಟು ನಿಲ್ಲಿಸಬಾರದು ಎಂಬುದೂ.

ಬಂದ ಸ್ಲೀವ್ ಎರಡನೇ ಕ್ಲಾಸಿನದು, 23ರಿಂದ 32 ಮಿ.ಮೀ. ಪಾದರಸ ಒತ್ತಡ, ಅಂಗೈಗೆ ಜೋಡಿ ಗ್ಲೋವ್ ಸಮೇತ 2,800 ರೂಪಾಯಿ. ಲೈನ್ ಮನೆಯವರು ಅದನ್ನು ‘ಕೈ ಸಾಕ್ಸ್’ ಎನ್ನುತ್ತಾರೆ. ಹಾಕುವ ಹದ ಜಯಕ್ಕ ಕಲಿಸಿದರು. ಬೆಳಗ್ಗೆ ಎದ್ದ ಕೂಡಲೇ, ಬಾವು ಕಡಿಮೆ ಇರುವಾಗ ಹಾಕಬೇಕು. ಇನ್ನೊಂದು ಕೈಗೆ ಪಾತ್ರೆ ತೊಳೆಯುವ ರಬ್ಬರ್ ಗ್ಲೋವ್ ತೊಟ್ಟರೆ ಬಟ್ಟೆ ಜಾರದೆ ಹಿಡಿತ ಸಿಗುತ್ತದೆ. ಮೇಲಿನ ಅಂಚು ಹಿಡಿದು ಜಗ್ಗಬಾರದು, ಮಣಿಕಟ್ಟಿನಿಂದ ಅಂಗೈಯಲ್ಲಿ ಸವರುತ್ತಾ ಸ್ವಲ್ಪಸ್ವಲ್ಪ ಮೇಲೇರಿಸಬೇಕು. ಮಡಿಕೆ ಉಳಿಯಬಾರದು, ಉದ್ದ ಹೆಚ್ಚಾಯಿತೆಂದು ಮೇಲೆ ಮಡಚಲೂಬಾರದು. ರಾತ್ರಿ ತೆಗೆದು, ಸಾದಾ ಸೋಪಿನಲ್ಲಿ ಒಗೆದು, ಹಿಂಡದೆ ಟವೆಲಿನಲ್ಲಿ ಸುತ್ತಿ ನೀರು ತೆಗೆದು ನೆರಳಲ್ಲಿ ಹರಡಬೇಕು.

ಮಳೆಗಾಲದ ಜ್ವರ

ಮಲೆನಾಡಿನ ಮಳೆಗಾಲದಲ್ಲಿ ಒಗೆದದ್ದು ಒಣಗುವುದಿಲ್ಲ. ಈ ಸಣ್ಣ ಸಂಗತಿಯನ್ನು ಯಾವ ಕರಪತ್ರವೂ ಹೇಳಿರಲಿಲ್ಲ. ಇದ್ದದ್ದು ಒಂದೇ ಸ್ಲೀವ್. ಜೂನಿನಲ್ಲಿ ಸರೋಜಮ್ಮ ಅದನ್ನು ಒಲೆಯ ಮೇಲಿನ ದಾರಕ್ಕೆ ನೇತುಹಾಕಿದರು, ಶಾಖಕ್ಕೆ ಅದರ ಎಲಾಸ್ಟಿಕ್ ಸಡಿಲವಾಯಿತು. ಆಮೇಲೆ ಒದ್ದೆ ಇರುವಾಗಲೇ ಹಾಕಿಕೊಂಡರು, ಬೆರಳ ಸಂದಿಗಳಲ್ಲಿ ಹುಳುಕಡ್ಡಿ ಎದ್ದು ಚರ್ಮ ಬಿರಿಯಿತು. ಬೆರಳು ಜೋಮು ಹಿಡಿದಿದ್ದರಿಂದ ಉರಿ ಗೊತ್ತಾಗಲಿಲ್ಲ.

ಜುಲೈಯಲ್ಲಿ ಒಂದು ಸಂಜೆ ಐದು ಗಂಟೆಗೆ ಚಳಿ ಹತ್ತಿ ಕೈ ಬಿಸಿಯಾಯಿತು. ಮಗಳು ಫೋಟೋ ತೆಗೆದು ಜಯಕ್ಕನಿಗೆ ಕಳಿಸಿದಳು. ಜಯಕ್ಕ ಹೇಳಿದ್ದು ನಾಲ್ಕು ಮಾತು: ಸ್ಲೀವ್ ತೆಗೆ, ಕೆಂಪಿನ ಅಂಚಿಗೆ ಬಾಲ್‌ಪೆನ್ನಿನಲ್ಲಿ ಗೆರೆ ಎಳೆದು ಹೊತ್ತು ಬರೆ, ಕೈ ದಿಂಬಿನ ಮೇಲಿಡು, ಜೀಪು ಕರೆಸು. ಬೆಳಗಾಗಲಿ ಎಂದು ಗಂಡ ಹೇಳಿದಾಗ, ಅರ್ಧ ಗಂಟೆ ಬಿಟ್ಟು ಗೆರೆ ನೋಡಿ ಎಂದರು. ಕೆಂಪು ಗೆರೆ ದಾಟಿ ಎರಡು ಬೆರಳಗಲ ಮುಂದೆ ಬಂದಿತ್ತು. ರಾತ್ರಿ ಹತ್ತೂವರೆಗೆ ಆಸ್ಪತ್ರೆಯಲ್ಲಿ ಮೊದಲ ಆ್ಯಂಟಿಬಯಾಟಿಕ್ ಹೋಯಿತು. ಜನವರಿಯಲ್ಲಿ ನಾಲ್ಕು ದಿನ ತಡವಾಗಿತ್ತು, ಈ ಸಲ ಆರು ಗಂಟೆಯೊಳಗೆ ಆಯಿತು. ಎರಡು ದಿನ ಒಳರೋಗಿ, ಆಮೇಲೆ ಒಟ್ಟು ಹದಿನಾಲ್ಕು ದಿನ ತುಂಬುವ ತನಕ ಮಾತ್ರೆ. ಜ್ವರ ಬಿಟ್ಟಿತೆಂದು ಐದನೇ ದಿನಕ್ಕೇ ತಾವಾಗಿ ಮಾತ್ರೆ ನಿಲ್ಲಿಸಬಾರದು ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಕೆಂಪು, ಬಿಸಿ ಇಳಿದ ಮೇಲೆಯೇ ಸ್ಲೀವ್ ಮತ್ತೆ ಹಾಕಿಸಿದರು.

ಅಂದಿನಿಂದ ದಿನಾ ಸಂಜೆ ಕೈ ನೋಡುವುದು ಕಡ್ಡಾಯವಾಯಿತು. ಮುಟ್ಟಿ ನೋಡಿದರೆ ಸಾಲದು, ಬಲ್ಬಿನ ಕೆಳಗೆ ಕಣ್ಣಿನಿಂದ ನೋಡಬೇಕು: ಬೆರಳ ಸಂದಿ, ಉಗುರಿನ ಬುಡ, ಮುಳ್ಳು, ಚಗಳಿ ಇರುವೆ ಕಚ್ಚಿದ ಗುರುತು. ಸಂದಿಗಳನ್ನು ಒರೆಸಿ ಒಣಗಿಸಿ ಫಂಗಸ್ ಮುಲಾಮು. ಎರಡನೇ ಸ್ಲೀವ್ ಕೊಳ್ಳುವುದೂ ಆಗಲೇ ತೀರ್ಮಾನವಾಯಿತು, ಹಣ ಕೂಡಿದ್ದು ಮಾತ್ರ ಅಕ್ಟೋಬರಿಗೆ.

ಕುಯ್ಲಿಗೆ ವಾಪಸ್

‘ಆ ಕೈಯಲ್ಲಿ ಜೀವನಪೂರ್ತಿ ಭಾರ ಎತ್ತಬೇಡಿ’ ಎಂಬುದು ಸರೋಜಮ್ಮನಿಗೆ ಮೊದಲು ಸಿಕ್ಕಿದ್ದ ಬುದ್ಧಿಮಾತು. ಕಾಫಿ ಬಿಡಿಸಿ ಬದುಕುವವರಿಗೆ ಅದು ಕೆಲಸ ಬಿಡಿ ಎಂದಂತೆ. ಆ ಮಾತಿಗೆ ಈಗ ಬಲವೂ ಇಲ್ಲ. 2009ರಲ್ಲಿ ಪ್ರಕಟವಾದ, ಕೈಬಾವಿದ್ದ 141 ಹೆಂಗಸರ ಅಮೆರಿಕದ ಅಧ್ಯಯನದಲ್ಲಿ, ಸ್ಲೀವ್ ಹಾಕಿಕೊಂಡು ವಾರಕ್ಕೆರಡು ಸಲ ನಿಧಾನವಾಗಿ ತೂಕ ಏರಿಸುತ್ತಾ ವ್ಯಾಯಾಮ ಮಾಡಿದವರಿಗೆ ಬಾವು ಹೆಚ್ಚಲಿಲ್ಲ. ಬಾವು ಕೆರಳಿದ್ದು ಅವರಲ್ಲಿ ಶೇ. 14 ಮಂದಿಗೆ, ಮಾಡದವರಲ್ಲಿ ಶೇ. 29 ಮಂದಿಗೆ. ‘ನಿಧಾನವಾಗಿ’ ಎಂಬುದನ್ನು ಮರೆಯುವಂತಿಲ್ಲ. ವರ್ಷವಿಡೀ ಸುಮ್ಮನಿದ್ದ ಕೈಗೆ ಕುಯ್ಲಿನ ಮೊದಲ ದಿನವೇ ಚೀಲ ಹೊರಿಸಿದ್ದು ಹಿಂದಿನ ವರ್ಷ ಆದ ತಪ್ಪು.

ಆಗಸ್ಟಿನಿಂದಲೇ ತಯಾರಿ ನಡೆಯಿತು. ಅರ್ಧ ಲೀಟರ್ ನೀರಿನ ಬಾಟಲಿ ಅಂದರೆ ಅರ್ಧ ಕಿಲೋ, ಅದರಿಂದ ಶುರು. ಎರಡು ವಾರಕ್ಕೊಮ್ಮೆ ಅಳತೆ ಏರಿಲ್ಲದಿದ್ದರೆ ಮಾತ್ರ ಕಾಲು ಕಿಲೋ ಹೆಚ್ಚಿಸುವುದು. ಅಳತೆ ಏರಿದರೆ ಹಿಂದಿನ ತೂಕಕ್ಕೆ ಇಳಿಯುವುದು. ನವೆಂಬರಿನ ಹೊತ್ತಿಗೆ ಎರಡು ಕಿಲೋ ಮುಟ್ಟಿದರು. ಗೋಡೆಯ ಮೇಲೆ ಬೆರಳು ಹತ್ತಿಸುವ ವ್ಯಾಯಾಮದಿಂದ ಭುಜವೂ ಬಿಟ್ಟುಕೊಂಡಿತು, ಮೇಲಿನ ರೆಂಬೆ ಎಟುಕುವಷ್ಟು.

ತೋಟದಲ್ಲಿ ಏನು ಬದಲಾಗಬೇಕು ಎಂಬುದನ್ನು ಥೆರಪಿಸ್ಟ್ ಒಂದು ಪುಟದಲ್ಲಿ ಬರೆದುಕೊಟ್ಟರು. ಅದನ್ನು ಹಿಡಿದು ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಬಳಿ ಮಾತಾಡಲು ಸರೋಜಮ್ಮನಿಗೆ ಧೈರ್ಯ ಸಾಲಲಿಲ್ಲ, ಜಯಕ್ಕ ಜೊತೆಗೆ ಹೋದರು. ಒಪ್ಪಂದವಾದದ್ದು ಇಷ್ಟು. ಮೊದಲ ಎರಡು ವಾರ ಅರ್ಧ ದಿನ. ಸೊಂಟದ ಚೀಲದಲ್ಲಿ ಐದು ಕಿಲೋ ಆಗುತ್ತಲೇ ಸುರಿದು ಬರುವುದು. ರೆಂಬೆ ಬಗ್ಗಿಸುವುದು ಎಡಗೈ, ಹಣ್ಣು ಬಿಡಿಸುವುದು ಬಲಗೈ. ಮೂಟೆ ಹೊರುವುದು ಇಲ್ಲ. ಗಂಟೆಗೊಮ್ಮೆ ಐದು ನಿಮಿಷ ಕೈಯನ್ನು ತಲೆಗಿಂತ ಮೇಲೆ ರೆಂಬೆಗೆ ಆನಿಸಿ ಮುಷ್ಟಿ ಬಿಗಿದು ಬಿಡುವುದು. ಬಾವು ಏರಿದ ವಾರ ಕಣದಲ್ಲಿ ಹಣ್ಣು ಆರಿಸುವ ಕೆಲಸ. ಸ್ಲೀವ್ ಮೇಲೆ ಹೇಗೂ ತೋಟದ ಹೆಂಗಸರು ತೊಡುವ ಗಂಡಸರ ತುಂಬುತೋಳಿನ ಅಂಗಿ ಇರುತ್ತದೆ, ಮುಳ್ಳಿಗೂ ಚಗಳಿಗೂ ಅದೇ ಕವಚವಾಯಿತು. ಜಯಕ್ಕ ರವಿಕೆಗಳಿಗೆ ಭುಜದ ಪಟ್ಟಿ ಅಗಲವಾಗಿ ಇಟ್ಟು ಹೊಲಿದುಕೊಟ್ಟರು, ಕಿರಿದಾದ ಪಟ್ಟಿ ಭುಜವನ್ನು ಕೊರೆದು ರಸದ ದಾರಿ ಒತ್ತುತ್ತದೆ.

ಬಿಡಿಸಿದ ಕಿಲೋ ಲೆಕ್ಕದಲ್ಲಿ ಆ ಕುಯ್ಲಿನ ಗಳಿಕೆ ಕಾಯಿಲೆಗೆ ಮುಂಚಿನದರ ಮುಕ್ಕಾಲಿಗಿಂತ ಕಡಿಮೆ. ಅದು ನಿಜವಾದ ನಷ್ಟ, ಅದನ್ನು ಯಾವ ಜೊತೆಗಾರಿಕೆಯೂ ತುಂಬಿಕೊಡಲಿಲ್ಲ. ಅಳತೆ ಮಾತ್ರ ಮುಂಗೈ 24, ತೋಳು 30 ದಾಟಲಿಲ್ಲ. ಸೋಂಕು ಬರಲಿಲ್ಲ.

ಜೊತೆಗಾರರ ಮೇಲೆ ಬೀಳುವ ಭಾರದ ಬಗ್ಗೆಯೂ ಹೇಳಬೇಕು. ಡಿಸೆಂಬರಿನಲ್ಲಿ ಜಯಕ್ಕ ನೋಡಿಕೊಳ್ಳುತ್ತಿದ್ದ ಇನ್ನೊಬ್ಬ ಹೆಂಗಸಿಗೆ ರೋಗ ಮರಳಿ ತೀರಿಕೊಂಡರು. ಅದೇ ತಿಂಗಳು ಜಯಕ್ಕನ ವಾರ್ಷಿಕ ತಪಾಸಣೆಯೂ ಇತ್ತು. ಭಾನುವಾರದ ಫೋನು ಎರಡು ಸಲ ತಪ್ಪಿತು. ಕೇಳಿದಾಗ ‘ನಂಗೂ ಭಯ ಆಗ್ತದೆ ಕಣವ್ವ’ ಎಂದರು. ಥೆರಪಿಸ್ಟ್ ಅವರಿಗೆ ಒಂದು ತಿಂಗಳು ಬಿಡುವು ಕೊಟ್ಟು, ಫೋನಿನ ಕೆಲಸವನ್ನು ವಿಭಾಗದ ನರ್ಸ್ ಒಬ್ಬರಿಗೆ ವಹಿಸಿದರು. ಒಬ್ಬರ ಮೇಲೆ ಒಂದೇ ಹೊತ್ತಿಗೆ ಮೂವರಿಗಿಂತ ಹೆಚ್ಚು ಜನರನ್ನು ಹೊರಿಸಬಾರದೆಂದು ಆಮೇಲೆ ನಿಯಮ ಮಾಡಿಕೊಂಡರು. ಅದನ್ನು ಮೊದಲೇ ಮಾಡಬೇಕಿತ್ತು.

ಈಗಿನ ಸ್ಥಿತಿ

ಚಿಕಿತ್ಸೆ ಶುರುವಾಗಿ ಹದಿನೈದು ತಿಂಗಳಾಗಿದೆ. ಟ್ಯಾಮಾಕ್ಸಿಫೆನ್ ಒಂದು ದಿನವೂ ತಪ್ಪಿಲ್ಲ. ತೂಕ 66 ಕಿಲೋ. ಬಾವು ಪೂರ್ತಿ ಹೋಗಿಲ್ಲ, ಹೋಗುವುದೂ ಇಲ್ಲ ಎಂಬುದು ಸರೋಜಮ್ಮನಿಗೆ ತಿಳಿದಿದೆ. ಬಲಗೈಗೆ ‘ಎರಡು ಆರು’ ಬಳೆಯೇ, ಸ್ಲೀವ್ ತೆಗೆದ ಮೇಲೆ ಹಬ್ಬದ ದಿನ ಮಾತ್ರ. ಆ ಕೈಗೆ ಬಿಪಿ ಪಟ್ಟಿ ಕಟ್ಟಿದರೆ ಬಾವು ಬರುತ್ತದೆಂಬ ಹೆದರಿಕೆಗೆ ಗಟ್ಟಿ ಪುರಾವೆ ಸಿಕ್ಕಿಲ್ಲ. ಆದರೂ ಎಡಗೈ ಇರುವಾಗ ಎಡಗೈಯನ್ನೇ ಕೊಡುತ್ತಾರೆ.

ಸ್ಲೀವಿನ ಹಿಡಿತ ಉಳಿಯುವುದು ಸುಮಾರು ಆರು ತಿಂಗಳು. ಅಕ್ಟೋಬರಿನಲ್ಲಿ ಕೊಂಡದ್ದಕ್ಕೆ ಈಗ ಎಂಟು ತಿಂಗಳು. ಕಳೆದ ಮೂರು ಭಾನುವಾರ ನೋಟುಬುಕ್ಕಿನಲ್ಲಿ ಮಣಿಕಟ್ಟಿನ ಅಂಕಿ 16, 16.3, 16.5. ಜಯಕ್ಕ ಆ ಮೂರು ಅಂಕಿಗಳ ಕೆಳಗೆ ಗೆರೆ ಎಳೆದಿದ್ದಾರೆ. ಹೊಸದಕ್ಕೆ ಬೇಕಾದ ಹಣದಲ್ಲಿ 1,100 ರೂಪಾಯಿ ಕೂಡಿದೆ, ಉಳಿದದ್ದಕ್ಕೆ ಎಸ್ಟೇಟಿನ ಮಾಲೀಕರಿಗೆ ಅರ್ಜಿ ಕೊಟ್ಟು ಕಾಯುತ್ತಿದ್ದಾರೆ. ಅದು ಬರುವ ತನಕ ರಾತ್ರಿ ಹೊತ್ತು ಹಳೆಯ ಶಾರ್ಟ್ ಸ್ಟ್ರೆಚ್ ಬ್ಯಾಂಡೇಜುಗಳನ್ನೇ ಒಗೆದು, ಸುರುಳಿ ಸುತ್ತಿ, ಗಂಡ ಕಟ್ಟುತ್ತಿದ್ದಾರೆ. ಮಳೆ ಶುರುವಾಗಿದೆ.